ತೂಕದಣ್ಣನ ಹಗ್ಗ

ಮಷಿನ್ನು ಜೋಡಿಸಿ ರಿಪೇರಿ ಮಾಡುವ ನಮ್ಮ ಫಿಟ್ಟರಿಗೆ ಅಪ್ಪ ಅಮ್ಮ ಇಟ್ಟ ಹೆಸರು ನಮ್ಮ ಕಾಗದದ ಕಾರ್ಖಾನೆಯ ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಅವರು ತೂಕದಣ್ಣ. ಹೆಸರು ಕೇಳಿ ಆಳು ದಪ್ಪಗಿರಬೇಕು ಅಂದುಕೊಂಡರೆ ಮೋಸಹೋಗುತ್ತೀರಿ. ಒಣಕಲು ಕಡ್ಡಿಯ ಹಾಗಿದ್ದರು. ಫ್ಯಾನು ಜೋರಾಗಿ ಹಾಕಬೇಡಿ, ಅಣ್ಣ ಹಾರಿಹೋಗ್ತಾರೆ ಎಂದು ನಾವೇ ರೇಗಿಸುತ್ತಿದ್ದೆವು. ಆ ಹೆಸರು ಬಂದದ್ದು ಅವರ ಲಾಕರಿನಲ್ಲಿದ್ದ ಇಪ್ಪತ್ತು ಕಿಲೋ ತೂಕದ ಕಲ್ಲಿನಿಂದ. ಕಬ್ಬಿಣದ್ದೇ ಆದರೂ ಎಲ್ಲರೂ ಅದನ್ನು ಕಲ್ಲು ಅಂತಲೇ ಕರೆಯುತ್ತಿದ್ದರು.

ಆ ಕಲ್ಲನ್ನು ಅವರು ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದರು. ಬರಿಗೈಯಲ್ಲಿ ಮುಟ್ಟಿದರೆ ಬೆವರಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದರೆ ತೂಕ ಬದಲಾಗುತ್ತದೆ ಎಂದು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ರಜೆ ಹಾಕಿ, ಅದನ್ನು ಸೈಕಲ್ಲಿನ ಹಿಂದೆ ಬಿಗಿದುಕೊಂಡು, ತೂಕ ಅಳತೆಯ ಸರ್ಕಾರಿ ಕಚೇರಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. "ಮದುವೆಯಾಗಿ ಮೂವತ್ತು ವರ್ಷ ಆಯ್ತು, ಇಳಿದಿದ್ಯಾ ಏರಿದ್ಯಾ ಅಂತ ನನ್ನನ್ನ ಒಂದಿನ ಕೇಳಿಲ್ಲ. ಆ ಕಲ್ಲನ್ನ ಮಾತ್ರ ವರ್ಷಾ ವರ್ಷಾ ತೋರಿಸ್ಕೊಂಡು ಬರ್ತಾರೆ" ಎಂದು ಅವರ ಹೆಂಡತಿ ನಮ್ಮೆದುರೇ ಹೇಳಿದ್ದರು. ಅಣ್ಣ ಅದಕ್ಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಿನಗೆ ಮುದ್ರೆ ಹಾಕೋರು ಯಾರಿದ್ದಾರೆ?" ಅಂದರು ಅಷ್ಟೇ.

ಪುಸ್ತಕದಲ್ಲಿ ಬರೆಯುವಂಥ ದೊಡ್ಡ ಮನುಷ್ಯರೇನಲ್ಲವಲ್ಲ ಅವರು ಎಂದು ಯಾರಾದರೂ ಅನ್ನಬಹುದು. ಅನ್ನಲಿ. ನಾನು ಇವತ್ತು ಮಷಿನ್ನಿನ ಮುಂದೆ ನಿಂತು ಅನ್ನ ತಿನ್ನುತ್ತಿರುವುದು ಅವರಿಂದ. ಅವರ ಋಣ ನನ್ನ ತಲೆಯ ಮೇಲಿದೆ, ಇಳಿಸುವ ಆಸೆಯೂ ನನಗಿಲ್ಲ.

ನಾನು ಮೊದಲು ಪ್ಯಾಕಿಂಗಿನಲ್ಲಿದ್ದೆ. ಒಂಬತ್ತು ವರ್ಷ ಕಾಗದದ ಸುರುಳಿಗಳಿಗೆ ಹೊದಿಕೆ ಸುತ್ತಿ, ಅಂಟು ಪಟ್ಟಿ ಹಚ್ಚಿ, ಚೀಟಿ ಅಂಟಿಸಿದವಳು. ಆ ಸುರುಳಿಗಳನ್ನು ಕತ್ತರಿಸಿ ಸುತ್ತುವ ಮಷಿನ್ನು ಗಾಜಿನ ಗೋಡೆಯ ಆಚೆಗೆ ಕಾಣುತ್ತಿತ್ತು. ಒಂದು ತುದಿಯಲ್ಲಿ ಆಳೆತ್ತರದ ಕಾಗದದ ರೀಲು ಬಿಚ್ಚಿಕೊಳ್ಳುತ್ತದೆ, ನಡುವೆ ಏಳೆಂಟು ರೋಲರುಗಳ ಮೇಲೆ ಕೆಳಗೆ ನುಸುಳಿ ಹೋಗುತ್ತದೆ, ಗುಂಡಗಿನ ಅಲಗುಗಳಲ್ಲಿ ಸೀಳಿಕೊಳ್ಳುತ್ತದೆ, ಇನ್ನೊಂದು ತುದಿಯಲ್ಲಿ ಸಣ್ಣ ಸುರುಳಿಗಳಾಗಿ ಸುತ್ತಿಕೊಳ್ಳುತ್ತದೆ. ಅದನ್ನು ನೋಡುತ್ತ ನೋಡುತ್ತಲೇ ಒಂಬತ್ತು ವರ್ಷ ಕಳೆದೆ. ಆಪರೇಟರ ಜಾಗ ಖಾಲಿಯಾದಾಗ ಅರ್ಜಿ ಹಾಕಿದೆ. ಅದುವರೆಗೆ ಆ ಮಷಿನ್ನಿಗೆ ಹೆಂಗಸರನ್ನು ಹಾಕಿದವರಿಲ್ಲ. ಆರು ತಿಂಗಳು ನೋಡೋಣ, ಸರಿಹೋದರೆ ಕಾಯಂ, ಇಲ್ಲದಿದ್ದರೆ ವಾಪಸ್ಸು ಪ್ಯಾಕಿಂಗಿಗೆ ಎಂದರು ಮ್ಯಾನೇಜರು. ಪ್ಯಾಕಿಂಗಿನಲ್ಲಿ ಇನ್ನೂ ಇಬ್ಬರು ಹೆಂಗಸರು ಬೇರೆ ಮಷಿನ್ನುಗಳಿಗೆ ಅರ್ಜಿ ಬರೆದಿಟ್ಟುಕೊಂಡು ಕಾಯುತ್ತಿದ್ದರು. ನಾನು ಬಿದ್ದರೆ ಅವರ ಅರ್ಜಿ ಕಸದ ಬುಟ್ಟಿಗೆ ಎಂಬುದು ಮೂವರಿಗೂ ಗೊತ್ತಿತ್ತು.

ನಮ್ಮ ಅತ್ತೆ ಇದ್ದಾರಲ್ಲ, ಹದಿನೈದು ವರ್ಷದಲ್ಲಿ ನನ್ನ ಅಡುಗೆಯನ್ನು ಚೆನ್ನಾಗಿದೆ ಅಂದವರಲ್ಲ. ಆದರೆ ನಾನು ಮಷಿನ್ನಿಗೆ ಹೋದ ಸುದ್ದಿಯನ್ನು ಹಾಲಿನವನಿಗೆ, ಇಸ್ತ್ರಿಯವನಿಗೆ, ಕೆಳಗಿನ ಮನೆಯ ಕಿವುಡು ಅಜ್ಜಿಗೆ ಕೂಡ ಹೇಳಿ ಬಂದಿದ್ದರು. "ನಮ್ಮ ಸೊಸೆ ಈಗ ಮಷಿನ್ ಓಡಿಸ್ತಾಳೆ" ಅನ್ನುವಾಗ ಅವರ ಕತ್ತು ಎರಡಿಂಚು ಉದ್ದವಾಗುತ್ತಿತ್ತು. ಆ ಕತ್ತನ್ನು ನೆನೆಸಿಕೊಂಡೇ ನನಗೆ ಅರ್ಧ ಭಯ.

ಮಷಿನ್ನು ಓಡುತ್ತಿದ್ದದ್ದು ಹಗಲು ಪಾಳಿ ಒಂದರಲ್ಲೇ, ಓಡಿಸುವವಳು ನಾನೊಬ್ಬಳೇ. ಮೊದಲ ನಾಲ್ಕೂವರೆ ತಿಂಗಳು ಹೂವೆತ್ತಿದ ಹಾಗೆ ನಡೆಯಿತು. ವಾರಕ್ಕೆ ಒಂದು ಸಲ ಕಾಗದ ಹರಿದರೆ ಹೆಚ್ಚು. ಆಮೇಲೆ ಹಳೆಯ ಸೆನ್ಸರುಗಳು ಕೆಟ್ಟವು, ಹೊಸವು ಬಂದವು.

ಸೆನ್ಸರು ಅಂದರೆ ಅಂಗೈಯಗಲದ ಉಕ್ಕಿನ ದಿಮ್ಮಿ. ರೋಲರುಗಳಲ್ಲಿ ಒಂದರ ಎರಡೂ ತುದಿಯಲ್ಲಿ, ಬೇರಿಂಗಿನ ಕೆಳಗೆ, ಒಂದೊಂದು ಕೂತಿರುತ್ತದೆ. ಕಾಗದ ಬಿಗಿಯಾದಷ್ಟೂ ರೋಲರನ್ನು ಒತ್ತುತ್ತದೆ, ಸೆನ್ಸರು ಆ ಒತ್ತಡವನ್ನು ತಿಳಿದು ಪರದೆಯ ಮೇಲೆ ಸಂಖ್ಯೆಯಾಗಿ ತೋರಿಸುತ್ತದೆ. ಆ ಸಂಖ್ಯೆ ನೋಡಿಕೊಂಡು ಮಷಿನ್ನು ತಾನೇ ಬ್ರೇಕು ಬಿಗಿ ಮಾಡುತ್ತದೆ, ಸಡಿಲ ಮಾಡುತ್ತದೆ. ಸಂಖ್ಯೆ ಸುಳ್ಳಾದರೆ ಎಲ್ಲವೂ ಸುಳ್ಳು.

ಅದನ್ನು ಕೂರಿಸುವಾಗ ಅಣ್ಣನನ್ನು ನೋಡಬೇಕಿತ್ತು. ಕೂರುವ ಜಾಗವನ್ನು ಮೂರು ಸಲ ಒರೆಸಿ, ಕಣ್ಣು ಮುಚ್ಚಿ ಬೆರಳು ಆಡಿಸಿ, ಒಂದು ಕಣ ಧೂಳು ಸಿಕ್ಕರೂ ಮತ್ತೆ ಒರೆಸುತ್ತಿದ್ದರು. ಸೆನ್ಸರಿನ ಮೇಲಿನ ಬಾಣದ ಗುರುತು ಕಾಗದ ಒತ್ತುವ ಕಡೆಗೇ ಇರಬೇಕು. ರೋಲರಿನ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಕೂದಲೆಳೆಯಂಥ ತಗಡಿನ ಚೂರುಗಳನ್ನು ಅಡಿಗೆ ಸೇರಿಸುತ್ತಿದ್ದರು. ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯುವಂತಿಲ್ಲ, ಎದುರುಬದುರಾಗಿ ಸ್ವಲ್ಪ ಸ್ವಲ್ಪ. ಆಮೇಲೆ ಯಾರಾದರೂ ಆ ರೋಲರಿಗೆ ಮೊಣಕೈ ಊರಿ ನಿಂತರೆ ಮುಗಿಯಿತು. "ಅದೇನು ನಿನ್ನ ಅತ್ತೆ ಮನೆ ಮಂಚನಾ?" ಎಂದು ಕಾರ್ಖಾನೆ ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಒಮ್ಮೆ ಮ್ಯಾನೇಜರಿಗೇ ಹಾಗೆ ಕೂಗಿ, ಆಮೇಲೂ ಕ್ಷಮೆ ಕೇಳಿರಲಿಲ್ಲ.

ಕೊನೆಗೆ ತೂಕ. ಕಾಗದ ಹೋಗುವ ದಾರಿಯಲ್ಲೇ ಒಂದು ಹಗ್ಗ ಹಾಯಿಸಿ, ಒಂದು ತುದಿ ಕಟ್ಟಿ, ಇನ್ನೊಂದು ತುದಿಗೆ ಆ ಕಲ್ಲನ್ನು ತೂಗುಬಿಡುತ್ತಾರೆ. ಪರದೆ ಇಪ್ಪತ್ತು ತೋರಿಸುವ ಹಾಗೆ ಸರಿಮಾಡುತ್ತಾರೆ. ಆ ಮಷಿನ್ನಿಗೆ ಅವರು ಇಪ್ಪತ್ತೆರಡು ವರ್ಷದಿಂದ, ವರ್ಷಕ್ಕೆ ಎರಡು ಸಲ ಹೀಗೆ ತೂಗಿದವರು. ಅಣ್ಣ ತೂಗಿದರು ಅಂದರೆ ನಮ್ಮಲ್ಲಿ ಆಮೇಲೆ ಮಾತಿಲ್ಲ.

ಅವರಿಗೆ ಆಗದಿದ್ದದ್ದು ಒಂದೇ, ಬರವಣಿಗೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು. ಕೆಲಸ ಮುಗಿಸಿ ಮಷಿನ್ ಪುಸ್ತಕದಲ್ಲಿ ಬರೆಯಬೇಕಾದಾಗ ಯಾರನ್ನಾದರೂ ಹಿಡಿದು "ನಾನು ಹೇಳ್ತೀನಿ, ನೀನು ಬರಿ" ಅನ್ನುತ್ತಿದ್ದರು. ಸಹಿ ಮಾತ್ರ ತಾವೇ ಹಾಕುತ್ತಿದ್ದರು, ಅದೂ ನಾಲಿಗೆ ಹೊರಗೆ ಹಾಕಿ, ಪೆನ್ನನ್ನು ಸ್ಪ್ಯಾನರಿನ ಹಾಗೆ ಮುಷ್ಟಿಯಲ್ಲಿ ಹಿಡಿದು. ಒಂದು ಸಹಿ ಮುಗಿಯುವಷ್ಟರಲ್ಲಿ ನಾವು ಟೀ ಕುಡಿದು ಬರಬಹುದಿತ್ತು.

ಹೊಸ ಸೆನ್ಸರುಗಳನ್ನು ಒಂದು ಭಾನುವಾರ ಮಷಿನ್ನು ನಿಂತಾಗ ಹಾಕಿದರು. ಅವತ್ತೇ ಇನ್ನೊಂದು ಬದಲಾವಣೆಯೂ ಆಯಿತು. ಸೆನ್ಸರಿನ ರೋಲರು ದಾಟಿದ ಮೇಲೆ ಕಾಗದ ಒಂದು ಕೆಳಗಿನ ರೋಲರಿಗೆ ಇಳಿದು ಮುಂದೆ ಹೋಗುತ್ತಿತ್ತು. ಆ ಕೆಳಗಿನದು ಸವೆದು ಕಾಗದದ ಮೇಲೆ ಗೀರು ಹಾಕುತ್ತಿದೆ, ಹೊಸದು ಬರುವ ತನಕ ಅದನ್ನು ಬಿಟ್ಟು ನೇರ ಆಚೆಗೆ ಹಾಯಿಸಿ ಎಂದು ಕಂಡುಹಿಡಿದು ಹೇಳಿದವರು ಅಣ್ಣನೇ. ಸೋಮವಾರದಿಂದ ನಾನು ಹಾಗೇ ಹಾಯಿಸತೊಡಗಿದೆ. ಕೆಳಗಿನ ರೋಲರು ಕೆಲಸವಿಲ್ಲದೆ ಅಲ್ಲೇ ಇತ್ತು.

ಆ ಸೋಮವಾರವೇ ಕಾಗದ ಎರಡು ಸಲ ಹರಿಯಿತು. ಮಂಗಳವಾರ ಒಂದು ಸಲ. ಹರಿದಾಗ ಬಂದೂಕು ಹೊಡೆದಂತೆ ಸದ್ದಾಗುತ್ತದೆ, ಮಷಿನ್ನು ನಿಲ್ಲುತ್ತದೆ, ಚಿಂದಿ ಎಳೆದುಹಾಕಿ ಮತ್ತೆ ಹಾಯಿಸಲು ಅರ್ಧ ಗಂಟೆ ಬೇಕು. ಗಾಜಿನ ಆಚೆ ಪ್ಯಾಕಿಂಗಿನ ಹೆಂಗಸರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಹರಿದಾಗಲೆಲ್ಲ ಮಷಿನ್ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು: ದಿನ, ಹೊತ್ತು, ಕಾರಣ. ಕಾರಣದ ಜಾಗದಲ್ಲಿ ಶಿಫ್ಟ್ ಇಂಜಿನಿಯರು 'ಆಪರೇಟರ ತಪ್ಪು' ಎಂದು ಬರೆಯುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಸೆನ್ಸರು ಹೊಸದು, ತೂಗಿದವರು ಅಣ್ಣ, ಉಳಿದವಳು ನಾನೊಬ್ಬಳು. ಲೆಕ್ಕ ಅವರಿಗೆ ಸುಲಭವಾಗಿತ್ತು.

ಆರು ವಾರದಲ್ಲಿ ಮೂವತ್ತೊಂದು ಸಲ ಹರಿಯಿತು. ರೀಲು ಬದಲಾಯಿಸಿದೆ, ವೇಗ ಇಳಿಸಿದೆ, ಅಲಗು ಮಸೆಸಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತೆ. ಆದರೂ ಕಾಗದದ ಮೇಲೆ ಕೈಯ ಹಿಂಬದಿ ಇಟ್ಟರೆ ಅದು ತಮಟೆಯ ಚರ್ಮದ ಹಾಗೆ ಬಿಗಿದುಕೊಂಡಿರುತ್ತಿತ್ತು. ಪರದೆ ಮಾತ್ರ ನಾವು ಗೊತ್ತುಮಾಡಿಟ್ಟ ಇಪ್ಪತ್ತು ಕಿಲೋ ಅನ್ನುತ್ತಿತ್ತು. ಒಂದು ದಿನ ತಡೆಯಲಾರದೆ, ಯಾರಿಗೂ ಹೇಳದೆ, ಕೈಗೆ ಹಿತವಾಗುವ ತನಕ ಸಂಖ್ಯೆಯನ್ನು ಇಳಿಸುತ್ತಾ ಬಂದೆ. ಹದಿನಾರಕ್ಕೆ ನಿಲ್ಲಿಸಿದೆ. ಮಧ್ಯಾಹ್ನದ ತನಕ ಒಂದು ಸಲವೂ ಹರಿಯಲಿಲ್ಲ. ಇಂಜಿನಿಯರು ನೋಡಿಬಿಟ್ಟರು. "ಯಾರನ್ನ ಕೇಳಿ ಮುಟ್ಟಿದೆ? ಸುರುಳಿ ಸಡಿಲ ಆದ್ರೆ ಯಾರು ಹೊಣೆ?" ಎಂದು ಬೈದು ಮತ್ತೆ ಇಪ್ಪತ್ತಕ್ಕೆ ಏರಿಸಿದರು. ಅರ್ಧ ಗಂಟೆಯಲ್ಲಿ ಹರಿಯಿತು.

ಅವತ್ತು ನನ್ನ ತಲೆ ಕೆಟ್ಟಿತು. ಟೀ ಹೊತ್ತಿನಲ್ಲಿ ಐದಾರು ಜನರೆದುರು ಅಣ್ಣನಿಗೆ ಹೇಳಿಬಿಟ್ಟೆ. "ಅಣ್ಣ, ನಿಮ್ಮ ಸಂಖ್ಯೆ ಸುಳ್ಳು ಹೇಳ್ತಿದೆ."

ಅವರು ಲೋಟ ಕೆಳಗಿಟ್ಟರು. "ಏನಂದೆ?"

"ಇಪ್ಪತ್ತು ಅಂತ ತೋರಿಸ್ತಿದೆ, ಇಪ್ಪತ್ತಲ್ಲ. ನನ್ನ ಕೈಗೆ ಗೊತ್ತಾಗತ್ತೆ."

"ನಿನ್ನ ಕೈ ಮಷಿನ್ನಿಗೆ ಬಂದು ಆರು ತಿಂಗಳಾಗಿಲ್ಲ" ಎಂದು ಎದ್ದು ಹೋದರು. ಸುತ್ತ ನಿಂತವರು ಲೋಟದೊಳಗೆ ಮುಖ ಹಾಕಿಕೊಂಡರು. ನಾನು ನಾಲಿಗೆ ಕಚ್ಚಿಕೊಂಡೆ. ಹೇಳಿದ್ದು ತಪ್ಪಲ್ಲ, ಹೇಳಿದ ಜಾಗ ತಪ್ಪು. ಆಮೇಲೆ ಐದು ದಿನ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆರು ತಿಂಗಳು ಮುಗಿಯುತ್ತ ಬಂದಿತ್ತು. ಸೋಮವಾರ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಬರಬೇಕು, ಮಷಿನ್ ಪುಸ್ತಕ ತರಬೇಕು ಎಂದು ಚೀಟಿ ಬಂತು. ಏನು ಹೇಳುತ್ತಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಶನಿವಾರ ಮನೆಗೆ ಹೊರಡುವಾಗ ಅಣ್ಣ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದರು. ನನ್ನ ಮುಖ ನೋಡದೆ ಅಂದರು, "ನಾಳೆ ಮಷಿನ್ ನಿಂತಿರತ್ತೆ. ಬರೋದಾದ್ರೆ ಬಾ. ನಿನ್ನ ಅನುಮಾನ ತೀರಿಸಿಬಿಡ್ತೀನಿ."

ಭಾನುವಾರ ಹೋದೆ. ಸದ್ದಿಲ್ಲದ ಕಾರ್ಖಾನೆಯಲ್ಲಿ ನಮ್ಮಿಬ್ಬರ ಚಪ್ಪಲಿಯ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಅವರು ಕೆಲಸ ಶುರು ಮಾಡಿದರು. ಬೋಲ್ಟುಗಳು ಬಿಗಿಯಾಗಿದ್ದವು. ಗುಳ್ಳೆ ನಟ್ಟ ನಡುವೆ ನಿಂತಿತು. ಬಾಣ ಸರಿಯಾದ ಕಡೆಗೇ ಇತ್ತು. ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದರು, ಒಂದೂ ಅಲುಗಲಿಲ್ಲ. ಎರಡು ಗಂಟೆ ಹೊತ್ತು ಎಲ್ಲವೂ ಸರಿಯಿದೆ, ಸರಿಯಿದೆ, ಸರಿಯಿದೆ. ಒಂದೊಂದು ಸರಿಗೂ ನನ್ನ ಎದೆ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಎಲ್ಲ ಸರಿಯಿದ್ದರೆ ತಪ್ಪಿರುವುದು ನಾನೇ ತಾನೆ?

"ಪರದೆ ಹತ್ರ ನಿಂತ್ಕೋ. ನಾನು ಕಲ್ಲು ಬಿಟ್ಟಾಗ ಓದು" ಅಂದರು. ನಾನು ಆ ಕಡೆ ಹೋದೆ. ಅವರು ಹಗ್ಗ ಹಾಯಿಸಿ, ಟವೆಲಿನಿಂದ ಕಲ್ಲನ್ನು ಬಿಚ್ಚಿ ಮೆಲ್ಲಗೆ ತೂಗುಬಿಟ್ಟರು.

"ಎಷ್ಟು?"

"ಇಪ್ಪತ್ತು" ಅಂದೆ.

ಪಾಪ, ಅಣ್ಣನಿಗೂ ಗೆದ್ದ ಖುಷಿ ಇರಲಿಲ್ಲ. ಕಲ್ಲನ್ನು ಬಿಚ್ಚಿ ಒರೆಸತೊಡಗಿದರು. ಸುಮ್ಮನೆ ನಿಂತರೆ ಅಳು ಬರುತ್ತದೆಂದು ನಾನು ಹಗ್ಗ ಬಿಚ್ಚಲು ಹೋದೆ. ದಿನವೂ ಕಾಗದ ಹಾಯಿಸುವ ಕೈ ತನ್ನ ದಾರಿಯಲ್ಲೇ ಹಗ್ಗ ಹುಡುಕಿಕೊಂಡು ಹೋಯಿತು. ಸೆನ್ಸರಿನ ರೋಲರು ದಾಟಿದ ಮೇಲೆ ಕೈಗೆ ಹಗ್ಗ ಸಿಗಲಿಲ್ಲ. ಬಗ್ಗಿ ನೋಡಿದರೆ ಅದು ಕೆಳಗಿಳಿದಿತ್ತು.

"ಅಣ್ಣ, ಹಗ್ಗ ಇಲ್ಲಿ ಹೋಗ್ಬೇಕಾ?"

"ಮತ್ತೆಲ್ಲಿ ಹೋಗತ್ತೆ? ಇಪ್ಪತ್ತೆರಡು ವರ್ಷದಿಂದ ಅಲ್ಲೇ ಹೋಗ್ತಿರೋದು" ಎಂದು ಗುರುಗುಟ್ಟಿದರು.

"ಕಾಗದ ಇಲ್ಲಿ ಹೋಗಲ್ವಲ್ಲ ಅಣ್ಣ. ಈ ಕೆಳಗಿನ ರೋಲರ್ ಬಿಟ್ಟಿದ್ದೀವಿ. ಬಿಡಿ ಅಂತ ಹೇಳಿದ್ದು ನೀವೇ."

ಒರೆಸುತ್ತಿದ್ದ ಕೈ ನಿಂತಿತು. ಅವರು ಎದ್ದು ಬಂದು ಹಗ್ಗವನ್ನು ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಅದು ಬೇರೆ ಯಾರದ್ದೋ ಎಂಬ ಹಾಗೆ. ಅವರಿಗೆ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಕೈಗೆ ಯಾರೂ ಹೇಳಿರಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಹೋದ ದಾರಿಯಲ್ಲಿ ಕೈ ತಾನಾಗಿ ಹೋಗಿತ್ತು, ಹೊಸ ಸೆನ್ಸರು ಹಾಕಿದ ದಿನವೂ, ಇವತ್ತೂ.

"ನೀನು ಹಾಯಿಸು" ಅಂದರು. ನಾನು ಕಾಗದ ಹಾಯಿಸುವ ದಾರಿಯಲ್ಲೇ ಹಗ್ಗ ಹಾಯಿಸಿದೆ. ಕಲ್ಲು ಬಿಟ್ಟರು. ಪರದೆ ಹದಿನೈದೂವರೆಗೆ ಸ್ವಲ್ಪ ಕಡಿಮೆ ತೋರಿಸಿತು.

ಕಾಗದ ಒಂದು ರೋಲರನ್ನು ಎಷ್ಟು ಸುತ್ತಿಕೊಂಡು ಹೋಗುತ್ತದೋ ಅಷ್ಟು ಅದನ್ನು ಒತ್ತುತ್ತದೆ. ಅಣ್ಣನ ಹಗ್ಗ ಕೆಳಗಿಳಿಯುವಾಗ ಸೆನ್ಸರಿನ ರೋಲರನ್ನು ತಬ್ಬಿಕೊಂಡು ಇಳಿಯುತ್ತಿತ್ತು. ನನ್ನ ಕಾಗದ ಅದರ ನೆತ್ತಿ ಸವರಿಕೊಂಡು ನೇರ ಹೋಗುತ್ತಿತ್ತು. ಒತ್ತಡ ಸಾಲುತ್ತಿಲ್ಲ ಎಂದು ಮಷಿನ್ನು ಇನ್ನೂ ಇನ್ನೂ ಎಳೆಯುತ್ತಿತ್ತು. ಇಪ್ಪತ್ತು ಎಂದು ತೋರಿಸಿಕೊಂಡು ಇಪ್ಪತ್ತಾರು ಕಿಲೋ ಎಳೆತ. ಹರಿಯದೆ ಇನ್ನೇನು ಮಾಡುತ್ತದೆ ಪಾಪದ ಕಾಗದ!

"ಅವತ್ತು ಎಷ್ಟಕ್ಕೆ ಇಳಿಸಿದ್ದೆ ನೀನು?" ಎಂದು ಕೇಳಿದರು.

"ಹದಿನಾರಕ್ಕೆ."

"ಕಲ್ಲಿಲ್ಲ, ಹಗ್ಗ ಇಲ್ಲ, ಬರೀ ಕೈಲಿ ಸರಿಯಾದ ತೂಕದ ಹತ್ರ ಹತ್ರ ಬಂದಿದ್ದೆಯಲ್ಲಮ್ಮ" ಅಂದರು. ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ನನಗೆ ಬದುಕಿದೆ ಅನ್ನಿಸಿ ಕುಣಿಯಬೇಕಿತ್ತು. ಅವರ ಮುಖ ನೋಡಿ ಕಾಲೇ ಏಳಲಿಲ್ಲ. ಇನ್ನೆರಡು ತಿಂಗಳಿಗೆ ನಿವೃತ್ತಿ. ಇಷ್ಟು ವರ್ಷ ಅವರು ಕಟ್ಟಿಕೊಂಡ ಹೆಸರು ಅದೊಂದೇ.

"ಅಣ್ಣ, ಯಾರಿಗೂ ಹೇಳೋದು ಬೇಡ. ಸುಮ್ನೆ ಸರಿ ಮಾಡಿಬಿಡಿ. ನಾಳೆಯಿಂದ ಹರಿಯಲ್ಲ, ಅಷ್ಟು ಸಾಕು" ಅಂದೆ. ನಿಜ ಹೇಳಬೇಕೆಂದರೆ ಅದು ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಮುಖ ನೋಡಿ ಬಾಯಿಗೆ ಬಂದದ್ದು ಅಂದೆ.

"ಸರಿ ಮಾಡಿದ್ರೆ ಮಷಿನ್ ಸರಿಹೋಗತ್ತೆ. ನಿನ್ನ ಹೆಸರು?" ಅಂದರು. ಆಮೇಲೆ ಹೊಸ ದಾರಿಯಲ್ಲಿ ತೂಗಿ, ಪರದೆಯನ್ನು ಸರಿಮಾಡಿ, ಎರಡು ಸಲ ನನ್ನಿಂದ ಓದಿಸಿದರು. "ಮನೆಗೆ ಹೋಗು, ಅತ್ತೆ ಕಾಯ್ತಿರ್ತಾರೆ. ನನಗಿಲ್ಲಿ ಸ್ವಲ್ಪ ಕೆಲಸ ಇದೆ." ಉಳಿದ ಕೆಲಸ ಏನೆಂದು ಕೇಳಲು ನನಗೆ ಹೊಳೆಯಲಿಲ್ಲ.

ಸೋಮವಾರ ಮ್ಯಾನೇಜರ ಕೋಣೆಯಲ್ಲಿ ನಾನು, ಇಂಜಿನಿಯರು. ಬಾಗಿಲ ಹತ್ತಿರ ಅಣ್ಣ, ಯಾರೂ ಕರೆಯದಿದ್ದರೂ ಬಂದು ನಿಂತಿದ್ದರು, ಒಗೆದ ಅಂಗಿ ಹಾಕಿಕೊಂಡು. ಮ್ಯಾನೇಜರು ಪುಸ್ತಕ ಬಿಚ್ಚಿದರು. ಒಂದು ಹಾಳೆ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಪುಸ್ತಕವನ್ನು ನಮ್ಮ ಕಡೆ ತಿರುಗಿಸಿ ಇಟ್ಟರು.

'ಆಪರೇಟರ ತಪ್ಪು' ಎಂದಿದ್ದ ಪ್ರತಿ ಸಾಲಿನ ಮೇಲೂ ಒಂದು ಗೀಟು, ಸ್ಕೇಲಿಟ್ಟು ಎಳೆದದ್ದು. ಪಕ್ಕದಲ್ಲಿ ಒಂದನೇ ಕ್ಲಾಸಿನ ಮಗು ಬರೆದಂಥ ಸೊಟ್ಟ ಅಕ್ಷರ: 'ನನ್ನ ತಪ್ಪು'. ಅದರ ಕೆಳಗೆ ಅಣ್ಣನ ಸಹಿ. ಮೂವತ್ತೊಂದು ಸಾಲಿಗೂ ಹಾಗೇ. ಕೆಲವು ಕಡೆ ಒತ್ತಿ ಬರೆದು ಹಾಳೆ ತೂತಾಗಿತ್ತು. ಒಂದು ಕಡೆ ಒತ್ತಕ್ಷರ ತಪ್ಪಿ, ಹೊಡೆದುಹಾಕಿ, ಮತ್ತೆ ಬರೆದಿದ್ದರು.

ಅಣ್ಣ ಹಗ್ಗದ ಕಥೆಯನ್ನು ನಾಲ್ಕು ಮಾತಲ್ಲಿ ಹೇಳಿ ಮುಗಿಸಿದರು. ಬೇಕಾದರೆ ಎರಡೂ ದಾರಿಯಲ್ಲಿ ತೂಗಿ ತೋರಿಸುತ್ತೇನೆ ಅಂದರು. ಇಂಜಿನಿಯರು ತಲೆ ತಗ್ಗಿಸಿಕೊಂಡಿದ್ದರು.

"ಅಲ್ರೀ, ಕೊನೇಲಿ ಒಂದು ಸಲ ಬರೆದಿದ್ರೆ ಸಾಕಾಗ್ತಿತ್ತಲ್ಲ" ಅಂದರು ಮ್ಯಾನೇಜರು.

"ಅವಳ ಮೇಲೆ ಮೂವತ್ತೊಂದು ಸಲ ಬರೆದಿದಾರೆ ಸಾರ್" ಅಂದರು ಅಣ್ಣ.

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಾಯಂ ಆಯಿತು ಅಂದೆ. ಇನ್ನು ಮುಂದೆ ಯಾವ ಮಷಿನ್ನಿಗೆ ತೂಗಿದರೂ ಹಗ್ಗ ಹಾಯಿಸುವುದು ಅದನ್ನು ಓಡಿಸುವವರೇ, ಕಲ್ಲು ಬಿಡುವುದಷ್ಟೇ ಫಿಟ್ಟರು, ಹಾಗಂತ ಅಣ್ಣ ಮ್ಯಾನೇಜರಿಂದ ಬರೆಸಿದರು ಅಂದೆ. ಪ್ಯಾಕಿಂಗಿನ ಇಬ್ಬರೂ ಅರ್ಜಿ ಕೊಟ್ಟರು ಅಂದೆ. ಅತ್ತೆಯ ಕತ್ತು ಉದ್ದವಾಗುತ್ತದೆಂದು ಕಾದೆ. ಅವರು ಹೊಸ್ತಿಲ ಮೇಲೆ ಕೂತು, ಪುಸ್ತಕದ ವಿಷಯವನ್ನು ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಅತ್ತೆಯೂ ಶಾಲೆ ಕಂಡವರಲ್ಲ. ಪಿಂಚಣಿ ಹಾಳೆಗೆ ಒಂದು ಸಹಿ ಹಾಕಲು ಬೆಳಗಿಂದ ಒದ್ದಾಡುವವರು.

"ಮೂವತ್ತೊಂದು ಸಲಾನಾ?" ಎಂದು ತಮ್ಮ ಬೆರಳುಗಳನ್ನು ನೀವಿಕೊಂಡರು. "ಪಾಪ, ಕೈ ಎಷ್ಟು ನೋವಾಯ್ತೋ ಅವರಿಗೆ."

ಆರು ವಾರ ಹಲ್ಲು ಕಚ್ಚಿ ತಡೆದಿಟ್ಟಿದ್ದ ಅಳು ಆಗ ಬಂತು. ಅಲ್ಲೇ ಹೊಸ್ತಿಲ ಮೇಲೆ ಅತ್ತೆಯ ಪಕ್ಕ ಕೂತು ಅತ್ತುಬಿಟ್ಟೆ.